ಕೊಡುವ ಕೊಳಗ, ಕೊಳ್ಳುವ ಕೊಳಗ

ಕರ್ನಾಟಕದಲ್ಲಿ ಬಡವರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ತಟ್ಟನೆ ಉತ್ತರ ಕೊಡಬೇಡಿ. ಕೇಳುತ್ತಿರುವವರು ಯಾರು, ಯಾತಕ್ಕೆ ಕೇಳುತ್ತಿದ್ದಾರೆ ಎಂದು ಮೊದಲು ವಿಚಾರಿಸಿಕೊಳ್ಳಿ. ಹೂಡಿಕೆದಾರರ ಸಮಾವೇಶದ ವೇದಿಕೆಯಿಂದ ಕೇಳಿದರೆ ಬಡವರು ಕಡಿಮೆ. ದಿಲ್ಲಿಯಲ್ಲಿ ಅನುದಾನದ ಅರ್ಜಿ ಹಿಡಿದು ನಿಂತಾಗ ಕೇಳಿದರೆ ಜಾಸ್ತಿ. ಚುನಾವಣೆಗೆ ಆರು ತಿಂಗಳಿದ್ದರೆ ಇನ್ನೂ ಜಾಸ್ತಿ. ಮತ ಎಣಿಕೆ ಮುಗಿದು ಬಜೆಟ್ಟಿನ ಕೂಡುವ ಕಳೆಯುವ ಲೆಕ್ಕ ಶುರುವಾಯಿತೋ, ಅವರಲ್ಲೇ ಬಹಳಷ್ಟು ಮಂದಿ 'ಅನರ್ಹರು'.

ಅಂಕಿಗಳೇ ಬೇಕೆಂದರೆ ತಗೊಳ್ಳಿ. ನೀತಿ ಆಯೋಗ 2023ರಲ್ಲಿ ಹೊರತಂದ ಬಹು ಆಯಾಮದ ಬಡತನ ಸೂಚ್ಯಂಕದ ಪ್ರಕಾರ ನಮ್ಮ ರಾಜ್ಯದಲ್ಲಿ ಬಡವರು ಶೇ 7.58ರಷ್ಟು ಮಾತ್ರ. ಅದಕ್ಕೂ ಹತ್ತು ವರ್ಷ ಮೊದಲು ಯೋಜನಾ ಆಯೋಗ ತೆಂಡೂಲ್ಕರ್ ಸಮಿತಿಯ ವಿಧಾನ ಹಿಡಿದು 2011–12ರ ಸಾಲಿಗೆ ಕೊಟ್ಟ ಲೆಕ್ಕ ಶೇ 20.91. ಅದೇ 2013ರಲ್ಲಿ ಬಂದ ಆಹಾರ ಭದ್ರತಾ ಕಾಯ್ದೆ ಕರ್ನಾಟಕಕ್ಕೆ ನಿಗದಿ ಮಾಡಿದ ಫಲಾನುಭವಿಗಳ ಪ್ರಮಾಣ ಹಳ್ಳಿಗಳಲ್ಲಿ ಶೇ 76.04, ನಗರಗಳಲ್ಲಿ ಶೇ 49.36. ಎಲ್ಲವೂ ಸರ್ಕಾರದ್ದೇ ಲೆಕ್ಕ, ಎಲ್ಲವೂ ದಶಾಂಶದ ಎರಡನೇ ಸ್ಥಾನದವರೆಗೆ ಖಚಿತ. ಬಡವರು ಏಳೋ ಎಪ್ಪತ್ತಾರೋ ಎಂಬುದೊಂದೇ ಅನುಮಾನ. ದಶಾಂಶದ ಬಲಗಡೆ ನಮ್ಮದು ಯಾವತ್ತೂ ಪಕ್ಕಾ, ತಪ್ಪುವುದೇನಿದ್ದರೂ ಎಡಗಡೆಗೆ.

ಹಿಂದೆ ಊರ ಸಾಹುಕಾರರ ಮನೆಯಲ್ಲಿ ಎರಡು ಕೊಳಗ ಇರುತ್ತಿದ್ದವಂತೆ. ಸಾಲದ ಕಾಳು ಅಳೆದು ಕೊಡಲು ಒಂದು, ಸುಗ್ಗಿಯಲ್ಲಿ ವಸೂಲಿ ಮಾಡಲು ಇನ್ನೊಂದು. ಎರಡರ ಹೆಸರೂ ಕೊಳಗವೇ, ಎರಡೂ ನೋಡಲು ಒಂದೇ ಥರ. ಯಾವುದು ಹೊರಗೆ ಬರುತ್ತದೆ ಎಂಬುದು ಆ ದಿನ ಸಾಹುಕಾರರಿಗೆ ಕೊಡುವ ಕೆಲಸವೋ ಕೊಳ್ಳುವ ಕೆಲಸವೋ ಎಂಬುದರ ಮೇಲೆ ನಿಂತಿತ್ತು. ನಮ್ಮ ಪ್ರಜಾಪ್ರಭುತ್ವ ಸಾಹುಕಾರಿಕೆಯನ್ನು ಒಪ್ಪಲಿಲ್ಲ. ಕೊಳಗಗಳನ್ನು ಮಾತ್ರ ರಾಷ್ಟ್ರೀಕರಣ ಮಾಡಿಕೊಂಡಿತು.

ಬಡತನ ಅಳೆಯುವ ಕಸುಬು ನಮ್ಮಲ್ಲಿ ಶುರುವಾದದ್ದೇ ಜೈಲಿನಿಂದ. ದಾದಾಭಾಯಿ ನವರೋಜಿ 19ನೇ ಶತಮಾನದಲ್ಲಿ ಭಾರತೀಯನೊಬ್ಬ ಬದುಕಿರಲು ಎಷ್ಟು ಬೇಕು ಎಂದು ತಿಳಿಯಲು ಬ್ರಿಟಿಷರ ಜೈಲುಗಳ ಊಟ, ಬಟ್ಟೆಯ ಖರ್ಚನ್ನು ಲೆಕ್ಕ ಹಾಕಿದರು. ಪ್ರಾಂತ್ಯಕ್ಕೆ ತಕ್ಕಂತೆ ವರ್ಷಕ್ಕೆ ತಲೆಗೆ 16ರಿಂದ 35 ರೂಪಾಯಿ ಬಂತು. ದೇಶದ ತಲಾ ಆದಾಯ ನೋಡಿದರೆ ಸುಮಾರು 20 ರೂಪಾಯಿ. ಅಂದರೆ ಎಷ್ಟೋ ಕಡೆ ತಪ್ಪು ಮಾಡಿ ಒಳಗಿದ್ದವನಿಗೆ ಸಿಗುತ್ತಿದ್ದ ಊಟ, ತಪ್ಪೇ ಮಾಡದೆ ಹೊರಗಿದ್ದವನಿಗೆ ಇರಲಿಲ್ಲ. ನವರೋಜಿ ಇದನ್ನು ಸರ್ಕಾರದ ಮುಖಕ್ಕೆ ಹಿಡಿಯಲು ಬರೆದರು. ಸ್ವತಂತ್ರ ಭಾರತದ ತಜ್ಞರು ಅದೇ ವಿದ್ಯೆಯನ್ನು ಸರ್ಕಾರದ ಮುಖ ಉಳಿಸಲು ಕಲಿತರು.

1962ರಲ್ಲಿ ಯೋಜನಾ ಆಯೋಗದ ತಜ್ಞರ ತಂಡವೊಂದು ಕೂತು ತಲೆಗೆ ತಿಂಗಳಿಗೆ 20 ರೂಪಾಯಿ ಇದ್ದರೆ ಸಾಕು ಎಂದಿತು. ಆರೋಗ್ಯ, ಶಿಕ್ಷಣದ ಖರ್ಚನ್ನು ಅದರಲ್ಲಿ ಸೇರಿಸಲಿಲ್ಲ. ಯಾಕೆಂದರೆ ಅವೆರಡನ್ನೂ ಸರ್ಕಾರವೇ ಪುಕ್ಕಟೆಯಾಗಿ ನೋಡಿಕೊಳ್ಳುತ್ತದಲ್ಲ! ಖಾಸಗಿ ಆಸ್ಪತ್ರೆಯ ಬಿಲ್ಲು, ಕಾನ್ವೆಂಟಿನ ಫೀಸು ಕಟ್ಟುತ್ತಿರುವ ಕೂಲಿಯವರು ಈ ನಂಬಿಕೆಯ ಬಗ್ಗೆ ಏನು ಹೇಳುತ್ತಾರೋ ಯಾರೂ ಕೇಳಿಲ್ಲ. 1979ರಲ್ಲಿ ರೂಪಾಯಿ ಹೋಗಿ ಕ್ಯಾಲೊರಿ ಬಂತು: ಹಳ್ಳಿಯವರಿಗೆ ದಿನಕ್ಕೆ 2,400, ಪೇಟೆಯವರಿಗೆ 2,100. ಆ ಕ್ಯಾಲೊರಿ ರಾಗಿಯಿಂದ ಬಂತೋ ಬೆಲ್ಲದಿಂದ ಬಂತೋ ಎಂಬ ಚಿಂತೆ ಬಡತನ ರೇಖೆಗೆ ಇರಲಿಲ್ಲ. ಹೊಟ್ಟೆ ತುಂಬಿದವನಿಗೆ ಮೈಮುಚ್ಚಲು ಬಟ್ಟೆ, ಮಲಗಲು ಸೂರು, ಜ್ವರಕ್ಕೆ ಮಾತ್ರೆ ಬೇಕೆಂಬ ಸಂಗತಿ ಸಮಿತಿಯಿಂದ ಸಮಿತಿಗೆ ನಿಧಾನವಾಗಿ ಹೊಳೆಯುತ್ತಾ ಹೋಯಿತು.

2011ರ ಸೆಪ್ಟೆಂಬರ್‌ನಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿ, ನಗರದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡಬಲ್ಲವನು ಬಡವನಲ್ಲ ಎಂದು ಪ್ರಮಾಣ ಮಾಡಿ ಹೇಳಿತು. ಮರುವರ್ಷ ಮಾಹಿತಿ ಹಕ್ಕಿನ ಅರ್ಜಿಯೊಂದರಿಂದ ಇನ್ನೊಂದು ಸಂಗತಿ ಹೊರಬಿತ್ತು: ಅದೇ ಆಯೋಗದ ಕಚೇರಿಯಲ್ಲಿ ಶೌಚಾಲಯಗಳ ನವೀಕರಣಕ್ಕೆ 35 ಲಕ್ಷ ರೂಪಾಯಿ ಖರ್ಚಾಗಿತ್ತು. ಆಯೋಗದ ರೇಖೆಯಲ್ಲೇ ಭಾಗಿಸಿ ನೋಡಿ. ಆ ಹಣದಿಂದ 1,09,375 ನಗರವಾಸಿಗಳನ್ನು ಒಂದಿಡೀ ದಿನ ಬಡತನದಿಂದ ಹೊರಗಿಡಬಹುದಿತ್ತು. ಮರುದಿನ ಮತ್ತೆ ಒಳಗೆ ಕಳಿಸಬೇಕಾಗುತ್ತಿತ್ತು, ಅದು ಬೇರೆ ಮಾತು.

ಗಲಾಟೆಯಾಯಿತು. ಗಲಾಟೆಯಾದರೆ ಸಮಿತಿ ಎಂಬುದು ನಮ್ಮಲ್ಲಿ ಪ್ರಕೃತಿ ನಿಯಮ. ರಂಗರಾಜನ್ ಸಮಿತಿ 2014ರಲ್ಲಿ ರೇಖೆಯನ್ನು ಹಳ್ಳಿಗೆ ತಿಂಗಳಿಗೆ 972, ನಗರಕ್ಕೆ 1,407 ರೂಪಾಯಿಗೆ ಏರಿಸಿತು. ದಿನದ ಲೆಕ್ಕದಲ್ಲಿ 32 ಮತ್ತು 47. ಗೆರೆ ಇಷ್ಟು ಮೇಲೇರಿದ್ದಕ್ಕೇ ದೇಶದ ಬಡವರ ಪ್ರಮಾಣ ಶೇ 21.9ರಿಂದ ಶೇ 29.5ಕ್ಕೆ ಜಿಗಿಯಿತು. ಐದರಿಂದ ಹದಿನೈದು ರೂಪಾಯಿಗೆ, ಒಂದು ಪ್ಲೇಟ್ ಇಡ್ಲಿಯ ದುಡ್ಡಿಗೆ, ಕೋಟಿಗಟ್ಟಲೆ ಜನ ಬಡವರಾಗುತ್ತಾರೆಂದರೆ ಅವರೆಲ್ಲ ಎಲ್ಲಿ ನಿಂತಿದ್ದರು ಎಂದು ಅರ್ಥ ಮಾಡಿಕೊಳ್ಳಬಹುದಿತ್ತು. ಸರ್ಕಾರ ಬೇರೆ ರೀತಿ ಅರ್ಥ ಮಾಡಿಕೊಂಡಿತು. ರಂಗರಾಜನ್ ವರದಿ ಕಪಾಟು ಸೇರಿತು. ಯೋಜನಾ ಆಯೋಗವೂ ಹೋಗಿ 2015ರಲ್ಲಿ ನೀತಿ ಆಯೋಗ ಬಂತು. ಅಲ್ಲಿಂದೀಚೆಗೆ ದೇಶಕ್ಕೆ ಹೊಸ ಅಧಿಕೃತ ಬಡತನ ರೇಖೆಯೇ ಇಲ್ಲ. ರೇಖೆಯೇ ಇಲ್ಲದ ಮೇಲೆ ಅದರ ಕೆಳಗೆ ಯಾರಾದರೂ ಇರುವುದು ಹೇಗೆ?

ಗೆರೆಯ ಕಥೆ ಹೀಗಾದರೆ, ಅದರ ಕೆಳಗೆ ಯಾರಿದ್ದಾರೆ ಎಂದು ಪತ್ತೆ ಹಚ್ಚುವ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯದ್ದು ಇನ್ನೂ ಸೊಗಸು. ಮನೆಮನೆಗೆ ಹೋಗಿ ಏನು ತಿಂದಿರಿ, ಏನು ಕೊಂಡಿರಿ ಎಂದು ಕೇಳುವುದು ಈ ಸಮೀಕ್ಷೆಯ ಕೆಲಸ. ಬೆಂಗಳೂರಿನ ಕಡೆಯಿಂದ ಬಂದ ಗಣತಿದಾರರೊಬ್ಬರು ಸುರಪುರ ತಾಲ್ಲೂಕಿನ ಒಂದು ಮನೆಯ ಕಟ್ಟೆಯ ಮೇಲೆ ಕೂತಿದ್ದಾರೆ ಎಂದು ಊಹಿಸಿಕೊಳ್ಳಿ. ಮನೆಯವರ ಹೆಸರು ಬೇಡ. ಹೆಸರಿಟ್ಟರೆ ಇ-ಕೆವೈಸಿ ಕೇಳುತ್ತಾರೆ.

"ಅಕ್ಕಾ, ಹೋದ ಏಳು ದಿನದಲ್ಲಿ ಹಣ್ಣು ತಗೊಂಡಿದ್ರಾ?"

"ಎರಡು ಬಾಳಿಹಣ್ಣ ತಂದಿದ್ವಿರಿ, ಗುಡಿಗಿ ಹೋಗೂಮುಂದ."

"ದೇವರಿಗೆ ಕೊಟ್ಟದ್ದೋ, ನೀವು ತಿಂದದ್ದೋ?"

"ದೇವರಿಗಿ ತೋರ್ಸಿ ನಾವೇ ತಿಂದ್ವಿರಿ."

"ಹಾಗಾದರೆ ಅದು ಬಳಕೆ. ಸೊಪ್ಪು?"

"ಪುಂಡಿಪಲ್ಯ. ಅದಕ್ಕೇನು ರೊಕ್ಕ ಕೊಡಂಗಿಲ್ರಿ, ಹೊಲದ ಬದುವಿನ್ಯಾಗ ಬೆಳೀತದ."

"ಇಲ್ಲಕ್ಕಾ, ಮನೇಲಿ ಬೆಳೆದದ್ದಕ್ಕೂ ಬೆಲೆ ಕಟ್ಟಬೇಕು ಅಂತ ನಿಯಮ."

"ಕಟ್ರಿ. ಅಲ್ರಿ ಸರ, ಸಾಲ ಎಷ್ಟದ ಅಂತ ಕೇಳಂಗಿಲ್ಲೇನ್ರಿ?"

"ಅದು ಈ ನಮೂನೆಯಲ್ಲಿಲ್ಲಕ್ಕಾ. ಅದಕ್ಕೆ ಬೇರೆ ಸಮೀಕ್ಷೆ, ಬೇರೆ ವರ್ಷ ಬರ್ತಾರೆ."

ಹೀಗೆ ಬದುವಿನ ಪುಂಡಿಪಲ್ಯಕ್ಕೆ ಬೆಲೆ ಬಂದು, ಬಡ್ಡಿ ಸಾಲ ನಮೂನೆಯ ಹೊರಗುಳಿದು, ಆ ಮನೆ ಸ್ವಲ್ಪ ಸ್ಥಿತಿವಂತವಾಯಿತು. ಇನ್ನು 'ಹೋದ ಏಳು ದಿನದಲ್ಲಿ' ಎಂಬ ಪ್ರಶ್ನೆಯ ಮಹಿಮೆಯನ್ನು ಕೇಳಿ. ಮೊದಲು ಎಲ್ಲವನ್ನೂ ಹೋದ 30 ದಿನದ ಲೆಕ್ಕದಲ್ಲಿ ಕೇಳುತ್ತಿದ್ದರು. ತಿಂಗಳ ಹಿಂದೆ ತಿಂದ ಮೊಟ್ಟೆ ಯಾರಿಗೆ ನೆನಪಿರುತ್ತದೆ? ಆದ್ದರಿಂದ ತರಕಾರಿ, ಮೊಟ್ಟೆ, ಎಣ್ಣೆಯಂಥವನ್ನು ಏಳು ದಿನಕ್ಕೆ, ಬಟ್ಟೆಬರೆಯನ್ನು ವರ್ಷಕ್ಕೆ ಕೇಳುವ ಹೊಸ ಪದ್ಧತಿ ಬಂತು. ಶಾಸ್ತ್ರೀಯವಾಗಿ ಅದೇ ಸರಿಯಾದ ಪದ್ಧತಿ, ತಕರಾರಿಲ್ಲ. ಆದರೆ ವಿಶ್ವಬ್ಯಾಂಕ್ ಈ ಹೊಸ ಪದ್ಧತಿಯನ್ನು 2011–12ರ ಅಂಕಿಗಳಿಗೆ ಅನ್ವಯಿಸಿ ನೋಡಿದಾಗ ಭಾರತದ ಬಡತನ ಶೇ 21.2ರಿಂದ ಶೇ 12.4ಕ್ಕೆ ಇಳಿಯಿತು. ಅದೇ ವರ್ಷ, ಅದೇ ಜನ, ಅದೇ ತಟ್ಟೆ. ನೂರಕ್ಕೆ ಒಂಬತ್ತು ಮಂದಿಯನ್ನು ಬಡತನದಿಂದ ಮೇಲೆತ್ತಿದ್ದು ಕ್ಯಾಲೆಂಡರ್. ಗರೀಬಿ ಹಟಾವೋ ಎಂದು ಇಂದಿರಾ ಗಾಂಧಿ 1971ರಲ್ಲಿ ಊರೂರು ತಿರುಗಿದರು. ಪ್ರಶ್ನೆ ಬದಲಿಸಿದ್ದರೆ ಸಾಕಿತ್ತು.

ಪ್ರಶ್ನೆ ಬದಲಿಸಿದರೂ ಉತ್ತರ ಸರಿಬರದಿದ್ದರೆ ಅದಕ್ಕೂ ಉಪಾಯವಿದೆ. 2017–18ರ ಸಮೀಕ್ಷೆಯಲ್ಲಿ ಜನರ ಖರ್ಚು ಕುಸಿದಿದೆ ಎಂಬ ಸುದ್ದಿ 2019ರಲ್ಲಿ ಪತ್ರಿಕೆಗೆ ಸೋರಿತು. ದತ್ತಾಂಶದ ಗುಣಮಟ್ಟ ಚೆನ್ನಾಗಿಲ್ಲ ಎಂದು ಕೇಂದ್ರ ಸರ್ಕಾರ ವರದಿಯನ್ನೇ ಕೈಬಿಟ್ಟಿತು. ಜನರ ಬದುಕಿನ ಗುಣಮಟ್ಟ ಕುಸಿದರೆ ದತ್ತಾಂಶದ ಗುಣಮಟ್ಟವೂ ಕುಸಿಯುತ್ತದೆ, ಸಹಜವೇ. ಹೀಗಾಗಿ 2011–12ರ ಬಳಿಕ 2022–23ರವರೆಗೆ ನಮ್ಮ ಬಡವರು ಏನು ತಿಂದರು ಎಂಬುದಕ್ಕೆ ಸರ್ಕಾರಿ ದಾಖಲೆ ಇಲ್ಲ. ನೋಟು ರದ್ದತಿ, ಲಾಕ್‌ಡೌನ್ ಎರಡೂ ಈ ಅವಧಿಯಲ್ಲೇ ಬಂದು ಹೋದವು. ಯಾರೂ ನೋಡದಿದ್ದಾಗ ಹಸಿದ ಹೊಟ್ಟೆ ಲೆಕ್ಕಕ್ಕೆ ಬರುವುದಿಲ್ಲ.

ಖರ್ಚಿನ ಲೆಕ್ಕ ಸಿಗದ ಕಾಲದಲ್ಲಿ ನೀತಿ ಆಯೋಗ ಬಹು ಆಯಾಮದ ಸೂಚ್ಯಂಕ ತಂದಿತು. ಬಡತನವೆಂದರೆ ಬರೀ ದುಡ್ಡಲ್ಲ, ಆರೋಗ್ಯ, ಶಿಕ್ಷಣ, ಜೀವನಮಟ್ಟ ಎಲ್ಲ ಸೇರಿದ್ದು ಎಂಬುದು ಅದರ ತತ್ವ. ಒಳ್ಳೆಯ ತತ್ವವೇ. ಒಟ್ಟು 12 ಸೂಚಕಗಳು, ಒಂದೊಂದಕ್ಕೂ ಒಂದೊಂದು ತೂಕ. ಕೊರತೆಗಳ ತೂಕ ಕೂಡಿದಾಗ ಮೂರನೇ ಒಂದು ಭಾಗ ಮುಟ್ಟಿದರೆ ಬಡವ. ಜೀವನಮಟ್ಟದ ಕೆಳಗೆ ಏಳು ಸೂಚಕಗಳಿವೆ: ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ವಿದ್ಯುತ್, ಮನೆ, ಆಸ್ತಿಪಾಸ್ತಿ, ಬ್ಯಾಂಕ್ ಖಾತೆ. ಪ್ರತಿಯೊಂದರ ತೂಕ ಇಪ್ಪತ್ತೊಂದರಲ್ಲಿ ಒಂದು. ಅಂದರೆ ತಲೆಯ ಮೇಲಿನ ಸೂರೂ ಬ್ಯಾಂಕಿನ ಪಾಸ್‌ಬುಕ್ಕೂ ಸಮಸಮ ತೂಗುತ್ತವೆ.

ಈಗ ಒಂದು ಕುಟುಂಬ. ಮಣ್ಣಿನ ಗುಡಿಸಲು. ಸೌದೆ ಒಲೆ. ಶೌಚಕ್ಕೆ ಬಯಲು. ನೀರು ದೂರದ ಹಳ್ಳದಿಂದ. ಕರೆಂಟಿಲ್ಲ, ಸೈಕಲ್ಲಿಲ್ಲ, ಮೊಬೈಲಿಲ್ಲ. ಬ್ಯಾಂಕ್ ಖಾತೆಯೂ ಇಲ್ಲ. ಆದರೆ ಮಕ್ಕಳು ಶಾಲೆಗೆ ಹೋಗುತ್ತಾರೆ, ದೇವರ ದಯೆಯಿಂದ ಮನೆಯವರೆಲ್ಲ ಗಟ್ಟಿಮುಟ್ಟಾಗಿದ್ದಾರೆ. ಏಳು ಕೊರತೆಗೆ ಇಪ್ಪತ್ತೊಂದರಲ್ಲಿ ಏಳು, ಸರಿಯಾಗಿ ಮೂರನೇ ಒಂದು ಭಾಗ. ಆಯೋಗವೇ ಒಪ್ಪುತ್ತದೆ, ಇವರು ಬಡವರು. ಒಂದು ದಿನ ಬ್ಯಾಂಕ್ ಮಿತ್ರರೊಬ್ಬರು ಬಂದು ಮನೆಯಾಕೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಶೂನ್ಯ ಶಿಲ್ಕಿನ ಜನಧನ ಖಾತೆ ತೆರೆಯುತ್ತಾರೆ. ಕೊರತೆ ಆರಕ್ಕೆ ಇಳಿಯಿತು. ಮೂರನೇ ಒಂದು ಭಾಗ ಮುಟ್ಟಲಿಲ್ಲ. ಗುಡಿಸಲು ಅಲ್ಲೇ ಇದೆ, ಹಳ್ಳ ಅಷ್ಟೇ ದೂರದಲ್ಲಿದೆ, ಖಾತೆಯಲ್ಲಿರುವುದು ಸೊನ್ನೆ, ಕುಟುಂಬ ಮಾತ್ರ ಬಡತನದಿಂದ ಹೊರಬಂತು. ಆರ್ಯಭಟನ ಕಾಲದಿಂದಲೂ ಸೊನ್ನೆಯ ನಂಟಿರುವ ನಾಡು ನಮ್ಮದು. ಅದಕ್ಕೆ ಇಷ್ಟು ಶಕ್ತಿಯಿದೆಯೆಂದು ಈಚೆಗಷ್ಟೇ ಸಾಬೀತಾಗಿದೆ.

ಇಷ್ಟೆಲ್ಲ ದಿಲ್ಲಿಯ ಕೊಳಗ. ಬೆಂಗಳೂರಿನದು ಬಿಪಿಎಲ್ ಕಾರ್ಡು. ಅದಕ್ಕೆ ಕುಟುಂಬದ ವರಮಾನ ವರ್ಷಕ್ಕೆ 1.20 ಲಕ್ಷ ರೂಪಾಯಿ ಮೀರಬಾರದು. ನರೇಗಾ ಕೆಲಸಕ್ಕೆ ಕರ್ನಾಟಕದಲ್ಲಿ 2025–26ರ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಸರ್ಕಾರವೇ ನಿಗದಿ ಮಾಡಿದ ಈ ಕೂಲಿಯಲ್ಲಿ ಗಂಡ ತಿಂಗಳಿಗೆ 26 ದಿನ, ವರ್ಷಪೂರ್ತಿ ಮೈಮುರಿದು ದುಡಿದರೆ 1,15,440 ರೂಪಾಯಿ. ಬಡವ. ಹೆಂಡತಿಯೂ ಕೂಲಿಗೆ ಹೊರಟಳು. ಹನ್ನೆರಡು ದಿನ ಹೋದಳು, ಇನ್ನೂ ಬಡವರೇ. ಹದಿಮೂರನೇ ದಿನದ ಕೂಲಿ ಕೈಗೆ ಬಂದಾಗ ಲೆಕ್ಕ 1,20,250 ರೂಪಾಯಿ ಮುಟ್ಟಿತು. ಆ ಸಂಜೆ ಅವಳು ತಲೆಯ ಮೇಲಿನ ಬುಟ್ಟಿ ಇಳಿಸುವ ಹೊತ್ತಿಗೆ ಕುಟುಂಬ ಬಡತನ ರೇಖೆಯನ್ನು ದಾಟಿಬಿಟ್ಟಿದೆ. ಸರ್ಕಾರದ ಮಾತಿನ ತಾತ್ಪರ್ಯ ಇಷ್ಟೇ: ತಾಯಿ, ಹನ್ನೆರಡು ದಿನ ದುಡಿ, ಹದಿಮೂರನೇ ದಿನ ಮನೆಯಲ್ಲಿ ಕೂರು.

ಈ 1.20 ಲಕ್ಷ ಎಂಬ ಅಂಕಿಯನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ವರಮಾನಕ್ಕೆ ಆದಾಯ ತೆರಿಗೆ ಇಲ್ಲ. ಪಾಪ, ಮಧ್ಯಮ ವರ್ಗ ಬಳಲಿದೆ. 2019ರಲ್ಲಿ ಸಂವಿಧಾನಕ್ಕೆ 103ನೇ ತಿದ್ದುಪಡಿ ತಂದು ಮೀಸಲಾತಿ ಕೊಟ್ಟಾಗ, ಸಾಮಾನ್ಯ ವರ್ಗದ 'ಆರ್ಥಿಕವಾಗಿ ದುರ್ಬಲ' ಕುಟುಂಬಕ್ಕೆ ಕೇಂದ್ರ ಇಟ್ಟ ಮಿತಿ 8 ಲಕ್ಷ. ಒಂದೇ ದೇಶದಲ್ಲಿ 1.20 ಲಕ್ಷ ದಾಟಿದವನು ಬಡವನಲ್ಲ, 7.99 ಲಕ್ಷದವನು ದುರ್ಬಲ, 12 ಲಕ್ಷದವನು ಬಳಲಿದವನು. ಕೂಲಿಯವನಿಗೂ ಸಂಬಳದವನಿಗೂ ನಡುವೆ ಒಂದು ಚುಕ್ಕೆಯ ಅಂತರ, ದಶಾಂಶದ ಚುಕ್ಕೆ. ಭೂಮಿಯ ಲೆಕ್ಕ ಇನ್ನೂ ಮಜವಾಗಿದೆ. ಐದು ಎಕರೆ ಇದ್ದರೆ ನೀವು ಕೇಂದ್ರದ ದೃಷ್ಟಿಯಲ್ಲಿ ದುರ್ಬಲರಲ್ಲ. ಬಿಪಿಎಲ್ ಕಾರ್ಡಿಗೆ ಮೂರು ಹೆಕ್ಟೇರ್ ಖುಷ್ಕಿಯವರೆಗೂ ಅಡ್ಡಿಯಿಲ್ಲ, ಅಂದರೆ ಏಳೂ ಚಿಲ್ಲರೆ ಎಕರೆ. ಆರು ಎಕರೆ ಎರೆಹೊಲದ ರೈತ ಏಕಕಾಲಕ್ಕೆ ಬಡವನೂ ಹೌದು, ದುರ್ಬಲನಲ್ಲದವನೂ ಹೌದು. ಬೆಳಿಗ್ಗೆ ರೇಷನ್ ಅಂಗಡಿಗೆ ಹೋಗುವಾಗ ಒಂದು ಮುಖ, ಮಧ್ಯಾಹ್ನ ಪ್ರಮಾಣಪತ್ರಕ್ಕೆ ತಾಲ್ಲೂಕು ಕಚೇರಿಗೆ ಹೋಗುವಾಗ ಇನ್ನೊಂದು ಮುಖ ಇಟ್ಟುಕೊಳ್ಳಬೇಕು.

ಇತ್ತ ರಾಜ್ಯದ ತಲಾ ಆದಾಯ ವರ್ಷಕ್ಕೆ 3 ಲಕ್ಷ ರೂಪಾಯಿ ದಾಟಿದೆ ಎಂದು ಬಜೆಟ್ ಭಾಷಣಗಳಲ್ಲಿ ಬೆನ್ನು ತಟ್ಟಿಕೊಳ್ಳುತ್ತೇವೆ. ಐದು ಮಂದಿಯ ಮನೆಗೆ 15 ಲಕ್ಷ! ಅದೇ ಭಾಷಣದ ಮುಂದಿನ ಪುಟದಲ್ಲಿ ರಾಜ್ಯದ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಪುಕ್ಕಟೆ ಅಕ್ಕಿ ಕೊಡುವ ಹೆಮ್ಮೆ. ಅನರ್ಹರ ಕಾರ್ಡು ತೆಗೆಯುತ್ತೇವೆ ಎಂದು 2024ರ ನವೆಂಬರ್‌ನಲ್ಲಿ ಸರ್ಕಾರ ಹೊರಟಿತು. ಕಾರ್ಡು ಕಳೆದುಕೊಂಡವರು ಬೀದಿಗಿಳಿದರು, ವಿರೋಧ ಪಕ್ಷಗಳು ಕ್ಯಾಮೆರಾ ಮುಂದೆ ಕಣ್ಣೊರೆಸಿಕೊಂಡವು. ಕೆಲವೇ ದಿನಗಳಲ್ಲಿ ಸರ್ಕಾರ ತೆರಿಗೆ ಕಟ್ಟುವವರನ್ನೂ ಸರ್ಕಾರಿ ನೌಕರರನ್ನೂ ಬಿಟ್ಟು ಉಳಿದವರ ಕಾರ್ಡು ಮರಳಿಸಿತು. ಬಡತನ ನಿವಾರಣೆಗೆ ಇಷ್ಟು ಅವಸರ ಪಟ್ಟದ್ದು ತಪ್ಪಾಯಿತು ಎಂದು ಎಲ್ಲ ಪಕ್ಷಗಳೂ ಒಪ್ಪಿದವು.

ತಲಾ ಆದಾಯ ಎಂದೆನಲ್ಲ, ಅದು ಭಾರೀ ಮಾಯಾವಿ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯದು. ಅಲ್ಲಿನ ತಲಾ ಆದಾಯ ಕಲಬುರಗಿಯ ತಲಾ ಆದಾಯದ ಸುಮಾರು ಐದು ಪಟ್ಟು. ಎರಡನ್ನೂ ಕೂಡಿಸಿ ಭಾಗಿಸಿದಾಗ ಬರುವ ಸರಾಸರಿ ಕನ್ನಡಿಗ ಬೆಂಗಳೂರಿನಲ್ಲೂ ಇಲ್ಲ, ಕಲಬುರಗಿಯಲ್ಲೂ ಇಲ್ಲ. ಅವನ ವಾಸ ಹಣಕಾಸು ಆಯೋಗದ ಕಡತದಲ್ಲಿ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವಾಗ 15ನೇ ಹಣಕಾಸು ಆಯೋಗ ನೂರರಲ್ಲಿ 45ರ ತೂಕ ಕೊಟ್ಟದ್ದು 'ಆದಾಯದ ಅಂತರ' ಎಂಬ ಮಾನದಂಡಕ್ಕೆ: ತಲಾ ಆದಾಯ ಹೆಚ್ಚಿದ್ದರೆ ಪಾಲು ಕಡಿಮೆ. ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಶ್ರೀಮಂತರು ಬಡವರಿಗೆ ಬಿಟ್ಟುಕೊಡಬೇಕು, ನ್ಯಾಯವೇ. ಆದರೆ ಬಿಟ್ಟುಕೊಟ್ಟವರು ಯಾರು? ವೈಟ್‌ಫೀಲ್ಡಿನ ಸಂಬಳ ಏರಿತು, ಯಾದಗಿರಿಯ ಶಾಲೆಗೆ ಕೊಠಡಿ ಬರಲಿಲ್ಲ. ಬೆಂಗಳೂರು ಉಂಡದ್ದಕ್ಕೆ ಯಾದಗಿರಿ ಕೈ ತೊಳೆಯಬೇಕಾಯಿತು.

ಯಾದಗಿರಿಯವರು ಇದನ್ನು ಕಂಡು ಸುಮ್ಮನೆ ಕೂರಲಿಲ್ಲ, ಬೆಂಗಳೂರಿಗೇ ಗುಳೆ ಹೋದರು. ಮೆಟ್ರೊ ಕಂಬದ ಬುಡದಲ್ಲಿ, ಏಳುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಇಳಿದುಕೊಂಡರು. ಜಿಲ್ಲಾ ಆದಾಯದ ಲೆಕ್ಕದಲ್ಲಿ ಉತ್ಪಾದನೆ ಎಲ್ಲಿ ಆಯಿತೋ ಅಲ್ಲಿಗೇ ಸೇರಬೇಕು. ಹಾಗಾಗಿ ಅವರು ಎತ್ತಿದ ಕಟ್ಟಡ ಬೆಂಗಳೂರಿನ ಲೆಕ್ಕಕ್ಕೆ. ಊರಲ್ಲಿ ಬಿಟ್ಟು ಬಂದ ಮುದಿ ತಾಯಿ, ಬೀಗ ಹಾಕಿದ ಮನೆ, ಅರ್ಧಕ್ಕೆ ಶಾಲೆ ಬಿಟ್ಟ ಮಗಳು ಯಾದಗಿರಿಯ ಲೆಕ್ಕಕ್ಕೆ. ಒಬ್ಬನೇ ಮನುಷ್ಯ ತನ್ನ ಬೆವರಿನಿಂದ ಒಂದು ಜಿಲ್ಲೆಯನ್ನು ಮುಂದೂಡುತ್ತಾನೆ, ಗೈರುಹಾಜರಿಯಿಂದ ಇನ್ನೊಂದು ಜಿಲ್ಲೆಯನ್ನು ಹಿಂದೂಡುತ್ತಾನೆ.

ಈ ಅಸಮತೋಲನ ಯಾರಿಗೂ ಗೊತ್ತಿಲ್ಲದ್ದೇನಲ್ಲ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲೇ 35 ಮಾನದಂಡ ಹಿಡಿದು 175 ತಾಲ್ಲೂಕುಗಳನ್ನೂ ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಬರೀ ಹಿಂದುಳಿದವು ಎಂದಿತು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನೂ ಬರೆದುಕೊಟ್ಟಿತು. ಇದು ಪ್ರಾಮಾಣಿಕ ಕೆಲಸ, ತಾಲ್ಲೂಕಿನ ಹೆಸರು ಹಿಡಿದು ಹೇಳಿದ ವರದಿ. ಎಡವಟ್ಟಾದದ್ದು ಆಮೇಲೆ. 'ಅತ್ಯಂತ ಹಿಂದುಳಿದ' ಎಂಬುದು ರೋಗದ ಹೆಸರಾಗುವ ಬದಲು ಪದವಿಯಾಯಿತು. ನಮ್ಮ ತಾಲ್ಲೂಕನ್ನು ಬರೀ ಹಿಂದುಳಿದದ್ದು ಎಂದು ಕರೆದು ಅವಮಾನ ಮಾಡಿದ್ದಾರೆ, ಅತ್ಯಂತದ ಪಟ್ಟಿಗೆ ಸೇರಿಸಿ ಎಂದು ಮನವಿಗಳು ಹೋದವು. ಆ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು, ಹಳೆಯ ತಾಲ್ಲೂಕು ಒಡೆದು ಹೊಸ ತಾಲ್ಲೂಕುಗಳಾದವು. ಹೆಸರಿಗಂತೂ ಕಲ್ಯಾಣವಾಯಿತು. 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಮತ್ತೆ ಅಳೆಯಲು ಹೊಸ ಸಮಿತಿ ಬಂತು. ಎರಡು ದಶಕ ಕಳೆದರೂ ಅಳೆಯುವವರ ಉತ್ಸಾಹ ಬತ್ತಿಲ್ಲ. ಅಳೆಸಿಕೊಳ್ಳುವವರು ಕೂಡ ಕದಲದೆ ಅಲ್ಲೇ ನಿಂತು ಸಹಕರಿಸುತ್ತಿದ್ದಾರೆ.

ಇಲ್ಲಿಯವರೆಗೆ ಅಳೆಸಿಕೊಂಡವರೆಲ್ಲ ಬಡವರೇ ಎಂಬುದನ್ನು ಗಮನಿಸಿ. ಅಸಮಾನತೆ ಎಂದರೆ ಎರಡು ತುದಿಗಳ ನಡುವಿನ ಅಂತರ. ಕೆಳತುದಿಯಲ್ಲಿ ಪುಂಡಿಪಲ್ಯದವರೆಗೆ ಎಣಿಸಿದ ನಾವು ಮೇಲ್ತುದಿಗೆ ಹೋದಾಗ ಏನು ಕಂಡೆವು? 2022–23ರ ಸಮೀಕ್ಷೆಯ ಪ್ರಕಾರ ಭಾರತದ ನಗರಗಳ ಅತಿ ಸಿರಿವಂತ ಶೇ 5 ಮಂದಿ ತಿಂಗಳಿಗೆ ತಲೆಗೆ ಮಾಡುವ ಸರಾಸರಿ ಖರ್ಚು 20,824 ರೂಪಾಯಿ. ಮುಂಬೈ, ದಿಲ್ಲಿ, ಬೆಂಗಳೂರಿನ ಕುಬೇರರೆಲ್ಲ ಇದರೊಳಗೇ ಇದ್ದಾರೆ! ಈ ಅಂಕಿ ಓದಿದಾಗ ನನಗೆ ಕರುಳು ಚುರುಕ್ಕೆಂದಿತು. ಅಷ್ಟು ಕಡಿಮೆ ದುಡ್ಡಿನಲ್ಲಿ ಪಾಪ ಆ ಜರ್ಮನ್ ಕಾರಿಗೆ ಪೆಟ್ರೋಲ್ ಹೇಗೆ ಹಾಕಿಸುತ್ತಾರೋ, ಮಗನ ಡೆಸ್ಟಿನೇಷನ್ ಮದುವೆಗೆ ಯಾರ ಹತ್ತಿರ ಕೈಗಡ ತರುತ್ತಾರೋ. ಗೇಟಿನಲ್ಲಿ ಸೆಕ್ಯುರಿಟಿಯವನು ಗಣತಿದಾರನನ್ನು ತಡೆದು ನಿಲ್ಲಿಸಿದ್ದಾನೆ, ಸಾಹೇಬರು ಊರಲ್ಲಿಲ್ಲ, ಸಮೀಕ್ಷೆ ಪಕ್ಕದ ಮನೆಗೆ ಹೋಗಿದೆ ಎಂದು ಯಾರಾದರೂ ಕುಹಕ ಆಡಿದರೆ ನಂಬಬೇಡಿ.

ಇಂಥ ಸಮೀಕ್ಷೆಯ ಅಂಕಿ ಹಿಡಿದು ವಿಶ್ವಬ್ಯಾಂಕ್ ಭಾರತದ ಬಳಕೆಯ ಗಿನಿ ಸೂಚ್ಯಂಕ (ಏರಿದಷ್ಟೂ ಅಸಮಾನತೆ ಹೆಚ್ಚು ಎಂದು ಹೇಳುವ ಅಳತೆ) 25.5 ಎಂದಿತು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಕಟಣೆ ಹೊರಡಿಸಿ, ಸಮಾನತೆಯಲ್ಲಿ ಭಾರತ ಜಗತ್ತಿಗೇ ನಾಲ್ಕನೆಯದು ಎಂದು ಸಾರಿತು. ವಿಶ್ವಬ್ಯಾಂಕಿನ ಅದೇ ಟಿಪ್ಪಣಿಯಲ್ಲಿ ಇನ್ನೊಂದು ಸಾಲಿತ್ತು: ಜಾಗತಿಕ ಅಸಮಾನತೆ ದತ್ತಾಂಶದ ಪ್ರಕಾರ ಆದಾಯದ ಗಿನಿ 2004ರಲ್ಲಿದ್ದ 52ರಿಂದ 2023ಕ್ಕೆ 62ಕ್ಕೆ ಏರಿದೆ. ಬಳಕೆಯ ಅಸಮಾನತೆಯನ್ನು ಕಡಿಮೆ ಅಂದಾಜು ಮಾಡಿರಬಹುದು ಎಂಬ ಎಚ್ಚರಿಕೆಯೂ ಇತ್ತು. ಪ್ರಕಟಣೆ ಬರೆದವರ ಕನ್ನಡಕ ಆ ಸಾಲಿಗೆ ಬರುವಷ್ಟರಲ್ಲಿ ಜಾರಿರಬೇಕು. ಜಾಗತಿಕ ಅಸಮಾನತೆ ಪ್ರಯೋಗಾಲಯದ ಸಂಶೋಧಕರ 2024ರ ಲೆಕ್ಕದಲ್ಲಿ ದೇಶದ ಸಂಪತ್ತಿನ ಶೇ 40.1ರಷ್ಟು ನೂರರಲ್ಲಿ ಒಬ್ಬನ ಕೈಯಲ್ಲಿದೆ. ಇದು ಸುಳ್ಳು ಎನ್ನುವವರಿದ್ದಾರೆ. ಇರಬಹುದು, ಆದರೆ ನಿಜ ಯಾವುದೆಂದು ತೋರಿಸಲು ಸರ್ಕಾರದ ಬಳಿ ನೆಟ್ಟಗಿನ ಅಳತೆ ಇಲ್ಲ. ಎಸ್ಟೇಟ್ ಡ್ಯೂಟಿ 1985ರಲ್ಲಿ ಹೋಯಿತು. ಸಂಪತ್ತು ತೆರಿಗೆ 2015ರ ಬಜೆಟ್ಟಿನಲ್ಲಿ ಹೋಯಿತು. ತೆರಿಗೆಯ ಜೊತೆಗೆ ಯಾರ ಬಳಿ ಎಷ್ಟಿದೆ ಎಂದು ಬರೆದುಕೊಡುವ ಕಾಗದವೂ ಹೋಯಿತು.

ರಾಜ್ಯದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಅರವತ್ತು ಪ್ರಶ್ನೆ. ಶಾಲೆಯ ಮೇಷ್ಟ್ರುಗಳು ಆ್ಯಪ್ ಹಿಡಿದು ನೆಟ್‌ವರ್ಕಿಗಾಗಿ ಮರ, ನೀರಿನ ಟ್ಯಾಂಕು ಹತ್ತಿದರು. ಹಳ್ಳಿಯವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಉತ್ತರ ಕೊಡುವುದು ಜನರ ಇಷ್ಟಕ್ಕೆ ಬಿಟ್ಟದ್ದು ಎಂದು ಹೈಕೋರ್ಟ್ ಹೇಳಿದ ಮೇಲೆ ಬೆಂಗಳೂರಿನ ದೊಡ್ಡ ಮನೆಗಳಿಗೆ ಇಷ್ಟವಾಗಲಿಲ್ಲ. ನಾವು ಹಿಂದುಳಿದವರಲ್ಲ, ನಮ್ಮ ವಿವರದಿಂದ ನಿಮಗೇನು ಪ್ರಯೋಜನ ಎಂಬಂಥ ಉತ್ತರ ಬಂತು. ಕಾನೂನಿನ ಪ್ರಕಾರ ಸರಿಯಾದ ಮಾತು. ಇದೇ ಮಾತನ್ನು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತ ಮುದುಕಿ ಆಡಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಖಾಸಗಿತನ ಎಂಬುದು ಮೂಲಭೂತ ಹಕ್ಕು. ಅದರ ಫಲಾನುಭವಿಗಳ ಪಟ್ಟಿಯಲ್ಲಿ ಬಿಪಿಎಲ್ ಕಾರ್ಡಿನವರ ಹೆಸರಿಲ್ಲ ಅಷ್ಟೆ.

ಆದ್ದರಿಂದ ಸರ್ಕಾರಕ್ಕೆ ನನ್ನದೊಂದು ಸಲಹೆ. ಕೆಳಗಡೆ ಗೆರೆ ಎಳೆದು ಎಳೆದು ಸಾಕಾಗಿದೆ, ಒಂದು ಸಲ ಮೇಲ್ಗಡೆಯೂ ಎಳೆಯಿರಿ. ಸಿರಿತನ ರೇಖೆ. ಹೊಸ ವಿಧಾನ ಹುಡುಕುವ ಕಷ್ಟವಿಲ್ಲ; ಬಡವರ ಮೇಲೆ ಪ್ರಯೋಗಿಸಿ ಪರೀಕ್ಷಿಸಿದ ಉಪಕರಣಗಳು ಸಿದ್ಧವಾಗಿವೆ. ಮನೆಮಂದಿಯೆಲ್ಲ ನ್ಯಾಯಬೆಲೆ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು ಇ-ಕೆವೈಸಿ ಮಾಡಿಸಲಿ. ಸರ್ವರ್ ಡೌನ್ ಇದ್ದರೆ ನಾಳೆ ಬರಲಿ. ಹೋದ ಏಳು ದಿನದಲ್ಲಿ ಎಷ್ಟು ಸೈಟು ಕೊಂಡಿರಿ, ಹೋದ 30 ದಿನದಲ್ಲಿ ಎಷ್ಟು ಷೇರು, ಹೋದ 365 ದಿನದಲ್ಲಿ ಎಷ್ಟು ವಿದೇಶ ಎಂದು ಗಣತಿದಾರರು ಮೂರು ಸಲ ಮನೆಗೆ ಹೋಗಿ ಕೇಳಲಿ. ಒಂದು ಕಾರಿದ್ದವನು ಬಡವನಲ್ಲ ಎಂಬ ನಿಯಮ ಇರುವಾಗ, ಐದು ಕಾರಿದ್ದವನು ಸಿರಿವಂತ ಎಂಬ ನಿಯಮಕ್ಕೆ ಯಾರ ತಕರಾರೂ ಇರಲಾರದು. ಪಟ್ಟಿಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಲಿ, ಆಕ್ಷೇಪಣೆಗೆ ಏಳು ದಿನ ಕೊಡಲಿ.

ಫಲಿತಾಂಶವನ್ನು ಈಗಲೇ ಹೇಳಿಬಿಡುತ್ತೇನೆ. ಸದಾಶಿವನಗರದಿಂದ ಕೋರಮಂಗಲದವರೆಗೆ ಗೆರೆಯ ಮೇಲೆ ಒಂದು ನರಪಿಳ್ಳೆಯೂ ಸಿಗುವುದಿಲ್ಲ. ಬಂಗಲೆ ಅತ್ತೆಯವರ ಹೆಸರಿನಲ್ಲಿ, ಕಾರು ಕಂಪನಿಯ ಹೆಸರಿನಲ್ಲಿ, ಕಾಫಿ ತೋಟ ಟ್ರಸ್ಟಿನ ಹೆಸರಿನಲ್ಲಿ, ಬೇನಾಮಿ ಜಮೀನು ಡ್ರೈವರ್ ಹೆಸರಿನಲ್ಲಿ. ಸ್ವಂತದ್ದು ಅನ್ನಲು ಒಂದು ಗುಡಿಸಲೂ ಇಲ್ಲ, ಸೈಕಲ್ಲೂ ಇಲ್ಲ. ನೀತಿ ಆಯೋಗದ ಕೋಷ್ಟಕಕ್ಕೆ ಹಾಕಿ ನೋಡಿದರೆ ಅವರೆಲ್ಲ ಬಹು ಆಯಾಮಗಳಲ್ಲಿ ಬಡವರು. ರಾಜ್ಯದ ತಲಾ ಆದಾಯ ಒಂದೇ ರಾತ್ರಿಯಲ್ಲಿ ಪಾತಾಳಕ್ಕಿಳಿಯುತ್ತದೆ. ಕೇಂದ್ರದ ತೆರಿಗೆಯಲ್ಲಿ ಕಳೆದುಹೋದ ನಮ್ಮ ಪಾಲು ಮರಳಿ ಪಡೆಯಲು ಇದಕ್ಕಿಂತ ಸುಲಭದ ದಾರಿ ನನಗಂತೂ ತೋಚುತ್ತಿಲ್ಲ.